ಲಂಡನ್ನಿನ ಹಕ್ಕು, ವಿದ್ಯಾನಗರದ ವಿಮಾನ

ವಿಲೀನವೆಂಬ ವ್ಯವಹಾರ ನಮ್ಮ ಸೀಮೆಯ ಜನಕ್ಕೆ ಅಪರಿಚಿತವಾದುದಲ್ಲ. ಘೋರ್ಪಡೆ ಮನೆತನದ ಆಳಿಕೆಗೆ ಒಳಪಟ್ಟಿದ್ದ ಸಂಡೂರು ಸಂಸ್ಥಾನವು 1949ರ ಏಪ್ರಿಲ್ 1ರಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಸೇರಿಹೋಯಿತು. ಬಳಿಕ 1953ರ ಅಕ್ಟೋಬರ್ 1ರಂದು ಸಂಡೂರು, ಹೊಸಪೇಟೆ ಮೊದಲಾದ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಗುಡ್ಡವೂ ಹೊಳೆಯೂ ಹೊಲದ ಬದುವೂ ಇದ್ದಲ್ಲಿಯೇ ಇದ್ದು, ಅರ್ಜಿ ಕೊಂಡೊಯ್ಯಬೇಕಾದ ಊರು ಮಾತ್ರ ಬೇರೆಯಾಗುವುದೆಂದರೆ ಏನೆಂಬುದನ್ನು ಬಲ್ಲ ಹಿರಿಯರು ಇಲ್ಲಿನ ಮನೆಮನೆಗಳಲ್ಲಿಯೂ ಇದ್ದರು. ಅದೇ 1953ನೆಯ ಇಸವಿಯಲ್ಲಿ, ಬಳ್ಳಾರಿಯ ವಿಲೀನಕ್ಕೆ ಎರಡು ತಿಂಗಳು ಮುಂಚಿತವಾಗಿ, ಆಗಸ್ಟ್ 1ರಂದು, ಮತ್ತೊಂದು ವಿಲೀನ ನಡೆದಿದ್ದಿತು. ನಿಜಾಮ ಸರ್ಕಾರದ ಬಂಡವಾಳದಿಂದ ಹೈದರಾಬಾದಿನಲ್ಲಿ ಹುಟ್ಟಿದ ಡೆಕ್ಕನ್ ಏರ್‌ವೇಸನ್ನು ಒಳಗೊಂಡು ಎಂಟು ಖಾಸಗಿ ವಿಮಾನ ಕಂಪೆನಿಗಳ ಸೇವೆಗಳನ್ನು ಕೇಂದ್ರ ಸರ್ಕಾರವು ಒಗ್ಗೂಡಿಸಿ ಇಂಡಿಯನ್ ಏರ್‌ಲೈನ್ಸ್ ನಿಗಮವನ್ನು ಸ್ಥಾಪಿಸಿತು. ಸಮುದ್ರಾಂತರದ ಹಾರಾಟವನ್ನು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ನಿಗಮಕ್ಕೆ ಬಿಟ್ಟುಕೊಟ್ಟಿತು. ದೇಶದೊಳಗಿನ ಆಕಾಶಕ್ಕೊಂದು ಸಂಸ್ಥೆ, ಹೊರದೇಶದ ಆಕಾಶಕ್ಕೊಂದು ಸಂಸ್ಥೆ ಎಂಬ ಆ ವಿಭಾಗದ ಪರಿಣಾಮವು ಅರ್ಧ ಶತಮಾನಕ್ಕೂ ಮೀರಿ ಉಳಿದುಬಂದಿತು. ಇಂದು ಕಂಪ್ಲಿಯಿಂದಲೋ ಹೊಸಪೇಟೆಯಿಂದಲೋ ಹೊರದೇಶಕ್ಕೆ ಹೊರಟವನು ಎದುರಿಸುವ ತೊಡಕುಗಳಲ್ಲಿ ಕೆಲವಕ್ಕೆ ಬೇರು ಹುಡುಕಬೇಕಾದರೆ ಆ ವಿಭಾಗದ ತನಕ ಹಿಂದಕ್ಕೆ ಹೋಗಬೇಕಾಗುತ್ತದೆ.

ಒಂದು ವಿಮಾನ ಸಂಸ್ಥೆ ಮತ್ತೊಂದನ್ನು ಕೊಂಡುಕೊಂಡಿತೆಂಬ ವಾರ್ತೆ ಬಂದಾಗ ಎಷ್ಟು ವಿಮಾನಗಳು ಕೈಸೇರಿದುವು, ಎಷ್ಟು ಕೋಟಿ ರೂಪಾಯಿಗೆ ಸೇರಿದುವು ಎಂಬ ಲೆಕ್ಕವೇ ಜನರ ಬಾಯಲ್ಲಿ ಆಡುತ್ತದೆ. ಆದರೆ ವಿಮಾನಗಳಲ್ಲಿ ಬಹುಭಾಗ ಬಾಡಿಗೆಗೆ ತಂದವು; ಹಣವುಳ್ಳವರು ಯಾರು ಬೇಕಾದರೂ ಅವನ್ನು ತರಬಲ್ಲರು. ಹಣ ಕೊಟ್ಟರೂ ಸುಲಭವಾಗಿ ದೊರೆಯದ ವಸ್ತುಗಳು ಮೂರು. ಹೊರದೇಶದ ನೆಲದಲ್ಲಿ ಇಳಿದು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹಕ್ಕು ಮೊದಲನೆಯದು. ಜನಭರಿತವಾದ ನಿಲ್ದಾಣದಲ್ಲಿ ಇಂಥ ಗಳಿಗೆಗೆ ಇಳಿದು ಇಂಥ ಗಳಿಗೆಗೆ ಏಳುವುದಕ್ಕೆ ಗೊತ್ತುಮಾಡಿಕೊಟ್ಟ ಸ್ಲಾಟ್ ಎರಡನೆಯದು. ಈ ಸಂಸ್ಥೆಯು ವಿಮಾನ ನಡೆಸಲು ಯೋಗ್ಯವೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕೊಡುವ ಪರವಾನಗಿ ಮೂರನೆಯದು. ವಿಲೀನಗಳ ಮರ್ಮವೆಲ್ಲ ಈ ಮೂರರಲ್ಲಿ ಅಡಗಿದೆಯೆಂದರೆ ಅತ್ಯುಕ್ತಿಯಾಗಲಾರದು.

ಮೊದಲನೆಯ ಹಕ್ಕನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಸಹಿಯಾದ ಒಡಂಬಡಿಕೆಯ ಮೊದಲನೆಯ ವಿಧಿಯಂತೆ, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಸಂಪೂರ್ಣವೂ ಅನನ್ಯವೂ ಆದ ಸಾರ್ವಭೌಮತ್ವವಿದೆ. ಆದುದರಿಂದ ಎರಡು ದೇಶಗಳ ನಡುವೆ ವಿಮಾನ ಹಾರಬೇಕಾದರೆ ಎರಡು ಸರ್ಕಾರಗಳು ಕುಳಿತು, ಯಾವ ಊರಿನಿಂದ ಯಾವ ಊರಿಗೆ, ವಾರಕ್ಕೆ ಎಷ್ಟು ಆಸನಗಳು ಎಂಬುದನ್ನು ಕರಾರಿನಲ್ಲಿ ಬರೆದುಕೊಳ್ಳಬೇಕು. ಭಾರತಕ್ಕೂ ದುಬೈಗೂ ನಡುವೆ ಪ್ರತಿಯೊಂದು ಪಕ್ಷಕ್ಕೂ ವಾರಕ್ಕೆ ಸುಮಾರು 65 ಸಾವಿರ ಆಸನಗಳೆಂದು ಗೊತ್ತಾಗಿರುವುದು ಇಂಥ ಕರಾರಿನಿಂದಲೇ. ಆ ಆಸನಗಳು ಯಾವ ಕಂಪೆನಿಯ ಆಸ್ತಿಯೂ ಅಲ್ಲ. ಅವು ರಾಷ್ಟ್ರದ ಪಾಲು. ಸರ್ಕಾರವು ಅವನ್ನು ತನ್ನ ದೇಶದ ಸಂಸ್ಥೆಗಳಿಗೆ ಹಂಚಿಕೊಡುತ್ತದೆ. ಹಂಚಿಕೆ ಪಡೆದ ಸಂಸ್ಥೆಯ ಒಡೆತನ ಪರದೇಶದವರ ಕೈಗೆ ಹೋದರೆ, ಅದು ಇನ್ನು ನಿಮ್ಮ ದೇಶದ ಸಂಸ್ಥೆಯಲ್ಲವೆಂದು ಎದುರು ಪಕ್ಷ ಆಕ್ಷೇಪಿಸಬಹುದು. 2004ರಲ್ಲಿ ಏರ್ ಫ್ರಾನ್ಸ್ ಸಂಸ್ಥೆಯೂ ಹಾಲೆಂಡಿನ ಕೆಎಲ್‌ಎಂ ಸಂಸ್ಥೆಯೂ ಒಂದು ಒಡೆತನದ ಅಡಿಗೆ ಬಂದಾಗಲೂ ಎರಡು ಹೆಸರುಗಳನ್ನೂ ಎರಡು ಪರವಾನಗಿಗಳನ್ನೂ ಜೋಪಾನವಾಗಿ ಉಳಿಸಿಕೊಂಡದ್ದಕ್ಕೆ ಈ ಭಯವೇ ಮುಖ್ಯ ಕಾರಣ. ಪ್ಯಾರಿಸ್ಸಿಗೆ ಬಂದ ಹಕ್ಕು ಆಂಸ್ಟರ್‌ಡ್ಯಾಮಿಗೆ ಸಲ್ಲದು.

ಎರಡನೆಯದಾದ ಸ್ಲಾಟಿನ ಬೆಲೆ ಎಷ್ಟೆಂಬುದನ್ನು ಅರಿಯಲು ಜೆಟ್ ಏರ್‌ವೇಸಿನ ದೃಷ್ಟಾಂತವೊಂದೇ ಸಾಕು. 2013ರಲ್ಲಿ ಆ ಸಂಸ್ಥೆ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ತನಗಿದ್ದ ಮೂರು ಜೊತೆ ಸ್ಲಾಟುಗಳನ್ನು ಅಬುಧಾಬಿಯ ಎತಿಹಾದ್ ಸಂಸ್ಥೆಗೆ 7 ಕೋಟಿ ಡಾಲರಿಗೆ ಮಾರಿ, ಅವನ್ನೇ ಮತ್ತೆ ಬಾಡಿಗೆಗೆ ಪಡೆದು ಹಾರಾಟ ಮುಂದುವರಿಸಿತು. ವಿಮಾನ ಅದೇ, ಹೊತ್ತು ಅದೇ, ಹತ್ತಿದ ಪ್ರಯಾಣಿಕನಿಗೆ ಏನೂ ತಿಳಿಯಲಿಲ್ಲ. ಆದರೆ ನಿಲ್ದಾಣದ ಗಡಿಯಾರದ ಮೇಲಣ ಹಕ್ಕು ಕೈಬದಲಾಗಿದ್ದಿತು. ಇಂಥ ನಿಲ್ದಾಣಗಳಲ್ಲಿ, ಒಂದು ಋತುವಿನಲ್ಲಿ ಕೊಟ್ಟ ಸ್ಲಾಟುಗಳಲ್ಲಿ ನೂರಕ್ಕೆ 80ನ್ನಾದರೂ ಬಳಸದಿದ್ದರೆ ಮರುವರ್ಷದ ಅದೇ ಋತುವಿಗೆ ಅವು ಕೈತಪ್ಪುತ್ತವೆ. ಹೀಗಾಗಿ, ದೊಡ್ಡ ನಿಲ್ದಾಣದ ಗಳಿಗೆಯನ್ನು ಉಳಿಸಿಕೊಳ್ಳುವ ಸಲುವಾಗಿ ಸಣ್ಣ ಊರಿನ ವಿಮಾನವನ್ನು ನಿಲ್ಲಿಸಿಯಾದರೂ ಅಲ್ಲಿಗೆ ಹಾರುವುದೇ ಲಾಭವೆಂದು ಸಂಸ್ಥೆಗಳಿಗೆ ತೋರುವುದು ಸಹಜ.

ಈ ಹಕ್ಕುಗಳ ವ್ಯಾಮೋಹದಿಂದಲೇ ನಡೆದ ವಿಲೀನಕ್ಕೆ ಕನ್ನಡನಾಡಿನಲ್ಲಿಯೇ ಒಂದು ಪೂರ್ಣವಾದ ಉದಾಹರಣೆಯಿದೆ. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಸ್ಥಾಪಿಸಿದ ಏರ್ ಡೆಕ್ಕನ್ 2003ರ ಆಗಸ್ಟಿನಲ್ಲಿ ಹುಬ್ಬಳ್ಳಿ ಬೆಂಗಳೂರುಗಳ ನಡುವೆ ತನ್ನ ಹಾರಾಟವನ್ನು ಆರಂಭಿಸಿತು. ಎರಡು ಪ್ರೊಪೆಲರುಗಳ, 48 ಆಸನಗಳ ಎಟಿಆರ್ ವಿಮಾನ. ಊಟ ತಿಂಡಿಯ ಉಪಚಾರವಿಲ್ಲ. ಬೇಗನೆ ಕಾದಿರಿಸಿದವನಿಗೆ ಕಡಿಮೆ ದರ. ಅದುವರೆಗೆ ವಿಮಾನದ ಮುಖವನ್ನೇ ಕಾಣದಿದ್ದ ಊರುಗಳನ್ನು ಹುಡುಕಿಕೊಂಡು ಹೋಗುವುದೇ ಅದರ ವೈಶಿಷ್ಟ್ಯವಾಗಿದ್ದಿತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯವರು ಕಟ್ಟಿಕೊಂಡಿದ್ದ ವಿದ್ಯಾನಗರದ ಖಾಸಗಿ ನಿಲ್ದಾಣಕ್ಕೂ ಏರ್ ಡೆಕ್ಕನ್ನಿನ ವಿಮಾನ ಬಂದಿಳಿಯಿತು. ಕಾರ್ಖಾನೆಯ ಇಂಜಿನಿಯರರು, ಅದಿರಿನ ವ್ಯಾಪಾರಿಗಳು, ಹಂಪಿಯನ್ನು ನೋಡಬಂದ ಪರದೇಶದ ಪ್ರವಾಸಿಗಳು, ಕೈಯಲ್ಲಿ ನಾಲ್ಕು ಕಾಸು ಕೂಡಿದ್ದ ಹೊಸಪೇಟೆಯ ಗೃಹಸ್ಥರು ಒಂದೇ ಚಿಕ್ಕ ವಿಮಾನದಲ್ಲಿ ಬೆಂಗಳೂರನ್ನು ಕಾಣುವ ಕಾಲ ಬಂದಿತು.

ಇತ್ತ ಬೆಂಗಳೂರಿನದೇ ಆದ ಮತ್ತೊಂದು ಸಂಸ್ಥೆ, ವಿಜಯ್ ಮಲ್ಯ ಅವರ ಕಿಂಗ್‌ಫಿಷರ್, 2005ರ ಮೇ ತಿಂಗಳಿನಲ್ಲಿ ಹುಟ್ಟಿ, ವೈಭವದ ಸೇವೆಗೆ ಹೆಸರಾಗಿ, ಹೊರದೇಶಗಳಿಗೆ ಹಾರಬೇಕೆಂದು ಹಂಬಲಿಸುತ್ತಿದ್ದಿತು. ಆಗ ಜಾರಿಯಲ್ಲಿದ್ದ ನಿಯಮದಂತೆ ಭಾರತದ ಯಾವುದೇ ಸಂಸ್ಥೆ ದೇಶದೊಳಗೆ ಐದು ವರ್ಷ ಹಾರಾಡಿ, 20 ವಿಮಾನಗಳನ್ನು ಹೊಂದಿದ ತರುವಾಯವಲ್ಲದೆ ಅಂತಾರಾಷ್ಟ್ರೀಯ ಮಾರ್ಗಕ್ಕೆ ಅರ್ಹತೆ ಪಡೆಯುತ್ತಿರಲಿಲ್ಲ. ಕಿಂಗ್‌ಫಿಷರಿಗೆ ಐದು ವರ್ಷ ತುಂಬುವುದು 2010ರಲ್ಲಿ; ಏರ್ ಡೆಕ್ಕನ್ನಿಗೆ 2008ರ ಆಗಸ್ಟಿನಲ್ಲಿಯೇ. 2007ರಲ್ಲಿ ಮಲ್ಯ ಅವರ ಸಮೂಹವು ಏರ್ ಡೆಕ್ಕನ್ನಿನ ಮಾತೃಸಂಸ್ಥೆಯ ನೂರಕ್ಕೆ 26 ಪಾಲನ್ನು 550 ಕೋಟಿ ರೂಪಾಯಿಗೆ ಕೊಂಡಿತು. ಆಮೇಲೆ ನಡೆದ ವಿಲೀನದ ಕ್ರಮವನ್ನು ಗಮನಿಸಬೇಕು. ಕೊಂಡವನು ಕೊಳ್ಳಲ್ಪಟ್ಟವನಲ್ಲಿ ಸೇರಿಹೋದನು: ಕಿಂಗ್‌ಫಿಷರಿನ ವ್ಯವಹಾರವೆಲ್ಲ ಡೆಕ್ಕನ್ ಏವಿಯೇಷನ್ ಕಂಪೆನಿಗೆ ವಿಲೀನಗೊಂಡು, ಬಳಿಕ ಆ ಕಂಪೆನಿಯೇ ಕಿಂಗ್‌ಫಿಷರ್ ಎಂಬ ಹೆಸರನ್ನು ಧರಿಸಿತು. ಹೀಗೆ ಹಿರಿಯ ಸಂಸ್ಥೆಯ ವಯಸ್ಸು ಕಿರಿಯ ಸಂಸ್ಥೆಗೆ ಬಂದಿತು. 2008ರ ಆಗಸ್ಟಿನಲ್ಲಿ ಐದು ವರ್ಷ ತುಂಬಿತು. ಸೆಪ್ಟೆಂಬರ್ 3ರಂದು, ಅದೇ ವರ್ಷದ ಮೇ ತಿಂಗಳಲ್ಲಿ ತೆರೆದಿದ್ದ ದೇವನಹಳ್ಳಿಯ ಹೊಸ ನಿಲ್ದಾಣದಿಂದ ಕಿಂಗ್‌ಫಿಷರಿನ ಏರ್‌ಬಸ್ 330 ವಿಮಾನ ಲಂಡನ್ನಿಗೆ ಹಾರಿತು. ನೇಗಿಲು ಹಿಡಿದ ಕೈಗಳಿಗೂ ವಿಮಾನದ ಟಿಕೇಟು ಎಟುಕಬೇಕೆಂದು ಹೊರಟ ಸಂಸ್ಥೆಯ ಐದು ವರ್ಷದ ದುಡಿಮೆಯಲ್ಲಿ, ಕೊಂಡವರಿಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಐದು ವರ್ಷಗಳೆಂಬ ಅವಧಿಯೇ.

ಎರಡು ಸಂಸ್ಥೆಗಳ ನಡೆವಳಿಕೆಯೂ ಭಿನ್ನ, ವೆಚ್ಚದ ಲೆಕ್ಕವೂ ಭಿನ್ನ. ಅಗ್ಗದ ಸೇವೆಗೆ ಮೊದಲು ಸಿಂಪ್ಲಿಫ್ಲೈ ಡೆಕ್ಕನ್ ಎಂದೂ ಆಮೇಲೆ ಕಿಂಗ್‌ಫಿಷರ್ ರೆಡ್ ಎಂದೂ ಹೆಸರು ಬದಲಾಯಿತು. ಎಟಿಆರ್ ವಿಮಾನಗಳು ಸ್ವಲ್ಪ ಕಾಲ ಹೊಸ ಬಣ್ಣದಲ್ಲಿ ಹಾರಾಡಿದುವು. ಆದರೆ ಸಾಲ ಏರುತ್ತ, ಇಂಧನದ ಬೆಲೆ ಏರುತ್ತ, ದೂರದ ಮಾರ್ಗಗಳ ನಷ್ಟವೂ ಸೇರಿಕೊಳ್ಳುತ್ತ ಬಂದಾಗ ಸಂಸ್ಥೆ 2011ರಲ್ಲಿ ಅಗ್ಗದ ಸೇವೆಯನ್ನೇ ಕೈಬಿಡುವುದಾಗಿ ಸಾರಿತು. 2012ರ ಏಪ್ರಿಲಿನಲ್ಲಿ ಹೊರದೇಶದ ಹಾರಾಟವೆಲ್ಲ ನಿಂತಿತು. ಅಕ್ಟೋಬರಿನಲ್ಲಿ ಪರವಾನಗಿಯೇ ಅಮಾನತುಗೊಂಡಿತು. ನೌಕರರು ಬಾಕಿ ಸಂಬಳಕ್ಕಾಗಿ ಬೀದಿಗೆ ಬಂದರು. ಲಂಡನ್ನಿನ ಮಾರ್ಗವನ್ನು ಇತರರು ಬೇಗನೆ ತುಂಬಿದರು, ಏಕೆಂದರೆ ಅಲ್ಲಿ ಜನವೂ ಹಣವೂ ಇದ್ದಿತು. ವಿದ್ಯಾನಗರದ ಓಡುಹಾದಿಗೆ ಮರಳಿ ಪ್ರಯಾಣಿಕರ ವಿಮಾನ ಗೊತ್ತಾದ ವೇಳೆಗೆ ಬರುವುದಕ್ಕೆ 2017ರ ತನಕ ಕಾಯಬೇಕಾಯಿತು. ವಿಲೀನದ ಲಾಭ ನಷ್ಟಗಳನ್ನು ತೂಗುವಾಗ ಲಂಡನ್ನಿನ ಪ್ರಯಾಣಿಕನನ್ನು ಮಾತ್ರ ಎಣಿಸಿ ತೋರಣಗಲ್ಲಿನ ಪ್ರಯಾಣಿಕನನ್ನು ಎಣಿಸದಿರುವುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಐದು ವರ್ಷಗಳ ನಿಯಮವನ್ನು ಸರ್ಕಾರ 2016ರ ಜೂನಿನಲ್ಲಿ ತೆಗೆದುಹಾಕಿತು. ಹತ್ತು ವರ್ಷ ಮೊದಲೇ ತೆಗೆದಿದ್ದರೆ ಆ ವಿಲೀನದ ಅವಸರವೇ ಇರುತ್ತಿರಲಿಲ್ಲ.

ಇನ್ನು ವಿಲೀನವಾದ ಮೇಲೆ ವಿಮಾನಗಳನ್ನು ನಡೆಸುವ ಕಾರ್ಯದಲ್ಲಿ ಉಂಟಾಗುವ ಪಲ್ಲಟಗಳನ್ನು ನೋಡೋಣ. ಒಂದೇ ಮಾದರಿಯ ವಿಮಾನವನ್ನು ಎರಡು ಸಂಸ್ಥೆಗಳು ಎರಡು ಬಗೆಯಲ್ಲಿ ನಡೆಸುತ್ತಿರುತ್ತವೆ. ಪೈಲಟರಿಬ್ಬರು ಪರಸ್ಪರ ಓದಿ ಹೇಳುವ ತಪಾಸಣೆಯ ಪಟ್ಟಿ, ಮೋಡದ ನಡುವೆ ಇಳಿಯಲಾಗದೆ ಮತ್ತೆ ಮೇಲೇರಬೇಕಾದಾಗ ಅನುಸರಿಸುವ ಕ್ರಮ, ಹೊಗೆ ಕಂಡಾಗ ಗಗನಸಖಿಯು ಬಾಗಿಲ ಬಳಿ ಹೇಳಬೇಕಾದ ಮಾತು, ದುರಸ್ತಿಗಾರನು ಸಹಿ ಹಾಕುವ ಪುಸ್ತಕ, ಇವೆಲ್ಲಕ್ಕೂ ಪ್ರತ್ಯೇಕ ಕೈಪಿಡಿಗಳಿರುತ್ತವೆ. ಒಂದೇ ಪರವಾನಗಿಯ ಅಡಿಗೆ ಬರಬೇಕಾದರೆ ಈ ಕೈಪಿಡಿಗಳು ಮೊದಲು ಒಂದಾಗಬೇಕು, ಸಾವಿರಾರು ಸಿಬ್ಬಂದಿ ಹೊಸ ಕ್ರಮವನ್ನು ಕಲಿತು ಪರೀಕ್ಷೆಗೊಳಗಾಗಬೇಕು, ಪ್ರತಿಯೊಂದು ವಿಮಾನವೂ ಹೊಸ ಪಟ್ಟಿಗೆ ವರ್ಗವಾಗಬೇಕು, ಹಾರಾಟವಿರುವ ಒಂದೊಂದು ಪರದೇಶದ ಅಧಿಕಾರಿಗಳಿಂದಲೂ ಒಪ್ಪಿಗೆ ಬರಬೇಕು. ಟಾಟಾ ಸಂಸ್ಥೆಯೂ ಸಿಂಗಪುರ್ ಏರ್‌ಲೈನ್ಸೂ ಕೂಡಿ ನಡೆಸುತ್ತಿದ್ದ ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾದಾಗ, ಅದರ 70 ವಿಮಾನಗಳ ಹಾರಾಟಗಳಿಗೆಲ್ಲ ಎರಡರ ಅಂಕಿಯಿಂದ ಆರಂಭವಾಗುವ ಹೊಸ ಸಂಖ್ಯೆಗಳನ್ನು ಕೊಟ್ಟರು. ವಿಲೀನಾನಂತರದ ಮೊದಲ ವಿಮಾನವು ಎಐ 2286 ಎಂಬ ಸಂಖ್ಯೆ ಹೊತ್ತು ದೋಹಾದಿಂದ ಮುಂಬಯಿಗೆ ಹೊರಟಿತು. ಹಳೆಯ ಸಂಖ್ಯೆಯ ಟಿಕೇಟು ಕೈಯಲ್ಲಿದ್ದವನು ಯಾವ ಕೌಂಟರಿಗೆ ಹೋಗಬೇಕು, ಯಾವ ಟರ್ಮಿನಲ್ಲಿನಲ್ಲಿ ಇಳಿಯಬೇಕು ಎಂಬಷ್ಟನ್ನು ತಿಳಿಸುವುದಕ್ಕೂ ನಿಲ್ದಾಣಗಳಲ್ಲಿ ವಿಶೇಷ ವ್ಯವಸ್ಥೆ ಬೇಕಾಯಿತು.

ಕಾಗದಪತ್ರಗಳು ಹೇಗೋ ಒಂದಾಗುತ್ತವೆ. ಮನುಷ್ಯರು ಒಂದಾಗುವುದು ಕಷ್ಟ. 1953ರಿಂದ ಬೇರೆಬೇರೆಯಾಗಿ ಬೆಳೆದ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಗಳನ್ನು 2007ರಲ್ಲಿ ಸರ್ಕಾರ ಒಂದುಗೂಡಿಸಿತು. ಒಂದು ಸಂಸ್ಥೆಯಲ್ಲಿ ಬೋಯಿಂಗ್ ಪ್ರಾಧಾನ್ಯ, ಮತ್ತೊಂದರಲ್ಲಿ ಏರ್‌ಬಸ್. ವಿಲೀನಕ್ಕೆ ಮುಂಚೆಯೇ ಒಂದಕ್ಕೆ 68, ಮತ್ತೊಂದಕ್ಕೆ 43 ಹೊಸ ವಿಮಾನಗಳ ಬೇಡಿಕೆ ಸಲ್ಲಿಕೆಯಾಗಿದ್ದಿತು. ಸಂಬಳದ ಶ್ರೇಣಿ, ಬಡ್ತಿಯ ಕಾಲ, ಹಾರಾಟದ ಭತ್ಯೆ ಯಾವುದೂ ಹೊಂದಲಿಲ್ಲ. ಎರಡೂ ಕಡೆಯ ವಿಮಾನಗಳಿಗೆ ಒಂದೇ ಸಂಕೇತಾಕ್ಷರ ಬರುವುದಕ್ಕೆ 2011 ಆಯಿತು. ಆ ವರ್ಷ ಇಂಡಿಯನ್ ಏರ್‌ಲೈನ್ಸಿನಿಂದ ಬಂದ ಪೈಲಟರು ಮುಷ್ಕರ ಹೂಡಿದರು. ಮರುವರ್ಷ ಏರ್ ಇಂಡಿಯಾದ ಮೂಲ ಪೈಲಟರು, ಹೊಸದಾಗಿ ಬರಲಿದ್ದ ಬೋಯಿಂಗ್ 787 ವಿಮಾನದ ತರಬೇತಿಯನ್ನು ಆ ಕಡೆಯವರಿಗೂ ಹಂಚುವುದನ್ನು ವಿರೋಧಿಸಿ, 58 ದಿನ ಕೆಲಸ ಬಿಟ್ಟರು. ದೂರದೇಶದ ಹಾರಾಟಗಳು ಸಾಲುಸಾಲಾಗಿ ರದ್ದಾದುವು. ಎರಡು ಪಂಕ್ತಿಗಳ ನಡುವಣ ಶ್ರೇಣಿಯ ವ್ಯಾಜ್ಯವನ್ನು ಪರಿಹರಿಸಲೆಂದು ನ್ಯಾಯಮೂರ್ತಿ ಧರ್ಮಾಧಿಕಾರಿಯವರ ಸಮಿತಿಯೇ ಕೂಡಬೇಕಾಯಿತು. ಪ್ರಪಂಚದ ದೊಡ್ಡ ಸಂಸ್ಥೆಗಳ ಕೂಟವಾದ ಸ್ಟಾರ್ ಅಲಯನ್ಸಿಗೆ ಏರ್ ಇಂಡಿಯಾ ಪ್ರವೇಶ ಪಡೆದದ್ದು 2014ರ ಜುಲೈಯಲ್ಲಿ, ವಿಲೀನವಾಗಿ ಏಳು ವರ್ಷಗಳ ತರುವಾಯ.

ಈಚಿನ ವಿಲೀನಗಳಲ್ಲಿಯೂ ಅದೇ ಸಂಕಟ ತಲೆದೋರಿತು. 2024ರ ಏಪ್ರಿಲಿನಲ್ಲಿ ಹೊಸ ಸಂಬಳದ ಕರಾರಿಗೆ ಒಡಂಬಡದ ವಿಸ್ತಾರದ ಪೈಲಟರು ಕೆಲಸಕ್ಕೆ ಬಾರದೆ ಹೋದ ಕಾರಣ ದಿನಕ್ಕೆ 25-30 ಹಾರಾಟಗಳನ್ನು ಇಳಿಸಬೇಕಾಯಿತು. ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಗಗನಸಿಬ್ಬಂದಿ ಒಮ್ಮೆಗೇ ರೋಗದ ರಜೆ ಹಾಕಿದರು. ಬೆಂಗಳೂರಿನಲ್ಲಿ ಹುಟ್ಟಿದ ಏರ್‌ಏಷ್ಯಾ ಇಂಡಿಯಾವನ್ನು ಅದರಲ್ಲಿ ಸೇರಿಸುವ ಕಾರ್ಯ ಆಗ ನಡೆದಿದ್ದಿತು. ಕೊಲ್ಲಿ ದೇಶಗಳಿಗೆ ಹೊರಟಿದ್ದ ಎಷ್ಟೋ ಮಂದಿ ನಿಲ್ದಾಣಗಳಲ್ಲಿ ಕುಳಿತುಬಿಟ್ಟರು. ವೀಸಾದ ಗಡುವು ಮುಗಿಯುತ್ತಿರುವ ಕೂಲಿಯವನಿಗೆ ಒಂದು ದಿನದ ರದ್ದೆಂದರೆ ಒಂದು ದಿನದ ವಿಳಂಬವಷ್ಟೇ ಅಲ್ಲ, ಕೆಲಸವೇ ಹೋಗಬಹುದಾದ ವಿಪತ್ತು. ಸಿಬ್ಬಂದಿಯ ಶ್ರೇಣಿಯ ಪಟ್ಟಿಯನ್ನು ವಿಲೀನದ ದಿನಕ್ಕೆ ಮೊದಲೇ ಇತ್ಯರ್ಥಗೊಳಿಸಿ ಪ್ರಕಟಿಸಬೇಕೆಂಬ ಕಟ್ಟಳೆಯನ್ನು ಸರ್ಕಾರ ಇನ್ನಾದರೂ ವಿಧಿಸಬೇಕು. ಎರಡು ಸಲ ಪಾಠ ಕಲಿತದ್ದಾಗಿದೆ.

ಇನ್ನು ಮಾರ್ಗಗಳನ್ನು ಉಳಿಸುವ ವಿಷಯದಲ್ಲಿ ಪರರಾಷ್ಟ್ರಗಳ ಸ್ಪರ್ಧಾ ಆಯೋಗಗಳು ನಮಗಿಂತ ಕಟ್ಟುನಿಟ್ಟು. ಏರ್ ಇಂಡಿಯಾ ಮತ್ತು ವಿಸ್ತಾರ ಒಂದಾದರೆ, ಅದರಲ್ಲಿ ನೂರಕ್ಕೆ 25.1 ಪಾಲು ಪಡೆಯುವ ಸಿಂಗಪುರ್ ಏರ್‌ಲೈನ್ಸ್ ಅದರೊಡನೆ ಪೈಪೋಟಿ ನಡೆಸದೆ ಕೈಜೋಡಿಸಬಹುದೆಂದು ಸಿಂಗಪುರದ ಸ್ಪರ್ಧಾ ಆಯೋಗ ಶಂಕಿಸಿತು. ದೆಹಲಿ, ಮುಂಬಯಿ, ಚೆನ್ನೈ, ತಿರುಚಿರಾಪಳ್ಳಿಗಳಿಂದ ಸಿಂಗಪುರಕ್ಕೆ ಹೋಗುವ ನಾಲ್ಕು ಮಾರ್ಗಗಳನ್ನು ಹೆಸರಿಸಿ, ಸಾಂಕ್ರಾಮಿಕ ರೋಗಕ್ಕೆ ಮುಂಚೆ ಇದ್ದಷ್ಟು ಆಸನಗಳನ್ನು ಅಲ್ಲಿ ಉಳಿಸಿಕೊಳ್ಳಲೇಬೇಕೆಂಬ ವಾಗ್ದಾನ ಪಡೆದ ಮೇಲೆಯೇ ಒಪ್ಪಿಗೆ ಕೊಟ್ಟಿತು. ಕೊರಿಯನ್ ಏರ್ ಸಂಸ್ಥೆಯು ಏಷಿಯಾನವನ್ನು ಕೊಳ್ಳಹೊರಟಾಗ ಐರೋಪ್ಯ ಆಯೋಗವು ಪ್ಯಾರಿಸ್, ರೋಮ್, ಬಾರ್ಸಿಲೋನಾ, ಫ್ರಾಂಕ್‌ಫರ್ಟ್ ಮಾರ್ಗಗಳಲ್ಲಿ ಬೇರೊಂದು ಕೊರಿಯಾ ಸಂಸ್ಥೆಗೆ ನೆಲೆ ದೊರಕಿಸಬೇಕೆಂದೂ, ಏಷಿಯಾನದ ಸರಕು ಸಾಗಣೆಯ ವಿಭಾಗವನ್ನು ಮಾರಿಬಿಡಬೇಕೆಂದೂ ಷರತ್ತು ಹಾಕಿತು. ಮಾರ್ಗವನ್ನು ಹೆಸರಿಸಿ ಕೇಳಿದವರಿಗೆ ಮಾರ್ಗ ಉಳಿಯಿತು. ತಿರುಚಿರಾಪಳ್ಳಿಯಷ್ಟು ಗಾತ್ರದ ಊರೊಂದರ ಹೆಸರು ಸಿಂಗಪುರದ ಆಜ್ಞೆಯೊಳಗೆ ಬಂದುದನ್ನು ಓದಿದಾಗ, ಹೆಸರಿಸುವವರಿದ್ದರೆ ಸಣ್ಣ ಊರಿಗೂ ರಕ್ಷೆಯುಂಟೆಂಬ ಧೈರ್ಯ ನನಗೆ ಬಂದಿತು.

ಸಮುದ್ರದಾಚೆ ನಡೆದ ವಿಲೀನವೊಂದು ಹಂಪಿಯ ತನಕ ಚಾಚುವ ಬಗೆಯನ್ನೂ ಇಲ್ಲಿ ಹೇಳಬೇಕು. ಹಂಪಿಗೆ ಬರುವ ಪರದೇಶದವರಲ್ಲಿ ಒಂದಂಶದ ಜನ ಮೊದಲು ಗೋವೆಗೆ ಇಳಿದು, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿಯೋ ವಾಸ್ಕೋದಿಂದ ಹೊರಡುವ ರೈಲಿನಲ್ಲಿಯೋ ಹೊಸಪೇಟೆಗೆ ಬರುವುದು ಬಹುಕಾಲದ ರೂಢಿ. ಇಂಗ್ಲೆಂಡಿನಿಂದ ಗೋವೆಗೆ ಚಳಿಗಾಲದಲ್ಲಿ ನೇರವಾಗಿ ಬರುತ್ತಿದ್ದ ವಿಮಾನಗಳಲ್ಲಿ ಥಾಮಸ್ ಕುಕ್ ಸಂಸ್ಥೆಯವೂ ಇದ್ದುವು. ಆ ಸಂಸ್ಥೆ 2007ರಲ್ಲಿ ಮೈಟ್ರಾವೆಲ್ ಎಂಬ ಮತ್ತೊಂದು ಪ್ರವಾಸ ಸಂಸ್ಥೆಯೊಡನೆ ವಿಲೀನಗೊಂಡು, ಮರುವರ್ಷ ಎರಡರ ವಿಮಾನ ವಿಭಾಗಗಳನ್ನೂ ಒಂದು ಮಾಡಿಕೊಂಡಿತು. ಆ ವಿಲೀನದ ಬೆನ್ನಿಗೆ ಬಂದ ಸಾಲದ ಭಾರದಿಂದ ಅದು ಚೇತರಿಸಿಕೊಳ್ಳಲೇ ಇಲ್ಲವೆಂಬುದು ಅನೇಕ ವಿಮರ್ಶಕರ ಮತ. 2019ರ ಸೆಪ್ಟೆಂಬರ್ 23ರಂದು, ಗೋವೆಯ ಪ್ರವಾಸಿ ಋತು ಇನ್ನೇನು ತೊಡಗಲಿದೆಯೆನ್ನುವಾಗ, ಅದು ಮುಳುಗಿತು. ವಿರೂಪಾಕ್ಷ ದೇವಾಲಯದ ಎದುರಿನ ಮಾರ್ಗದರ್ಶಿಗೆ ಮೈಟ್ರಾವೆಲ್ ಎಂಬ ಹೆಸರೇ ಗೊತ್ತಿರಲಾರದು. ಆತನ ಅನ್ನಕ್ಕೂ ಲಂಡನ್ನಿನ ಆ ಕಾಗದಪತ್ರಕ್ಕೂ ಸಂಬಂಧವಿರುವುದು ಮಾತ್ರ ದಿಟ.

ಇನ್ನು ನಮ್ಮ ವಿದ್ಯಾನಗರಕ್ಕೆ ಬರೋಣ. ಉಡಾನ್ ಯೋಜನೆಯ ಅನ್ವಯ 2017ರಲ್ಲಿ ಟ್ರೂಜೆಟ್ ಸಂಸ್ಥೆ ಹೈದರಾಬಾದಿನಿಂದ ಇಲ್ಲಿಗೆ ಎಟಿಆರ್ ವಿಮಾನ ನಡೆಸತೊಡಗಿತು, ಬೆಂಗಳೂರಿಗೂ ನಡೆಸಿತು. ಸರ್ಕಾರ ಮೂರು ವರ್ಷದ ಮಟ್ಟಿಗೆ ನಷ್ಟ ತುಂಬಿಕೊಡುವ ಯೋಜನೆಯದು. 2022ರ ಆರಂಭದಲ್ಲಿ ಆ ಸಂಸ್ಥೆಯೂ ನಿಂತುಹೋಯಿತು. ಅನಂತರ ಅಲಯನ್ಸ್ ಏರ್ ಸಂಸ್ಥೆಯ ವಿಮಾನಗಳು ಬಂದುವು. ಈ ಅಲಯನ್ಸ್ ಏರಿನ ವೃತ್ತಾಂತವು ನಮಗೆ ಬಹಳ ಮುಖ್ಯವಾದುದು. ಇಂಡಿಯನ್ ಏರ್‌ಲೈನ್ಸಿನ ಮಗುವಾಗಿ ಹುಟ್ಟಿ, ಸಣ್ಣ ಊರುಗಳಿಂದ ಜನರನ್ನು ತಂದು ಏರ್ ಇಂಡಿಯಾದ ದೊಡ್ಡ ವಿಮಾನಗಳಿಗೆ ಹತ್ತಿಸುವುದೇ ಅದರ ಕಾರ್ಯವಾಗಿದ್ದಿತು. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಂಸ್ಥೆಯ ಕೈಸೇರಿತಷ್ಟೆ. ಆಗ ಅದರ ಜೊತೆಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹೋಯಿತು, ಅಲಯನ್ಸ್ ಏರ್ ಹೋಗಲಿಲ್ಲ. ಸರ್ಕಾರದ ಬಳಿಯೇ ಉಳಿಯಿತು. ಅದೇ ವರ್ಷದ ಏಪ್ರಿಲ್ 15ರಿಂದ ಅಲಯನ್ಸ್ ಏರಿನ ಟಿಕೇಟುಗಳ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದು ಏರ್ ಇಂಡಿಯಾ ಪ್ರಕಟಿಸಿತು. ಒಂದು ಕಡೆ ದೊಡ್ಡ ಸಂಸ್ಥೆಗಳೆಲ್ಲ ಒಂದಾಗುತ್ತಿದ್ದಂತೆಯೇ, ಇನ್ನೊಂದು ಕಡೆ ಸಣ್ಣ ಊರನ್ನು ಅವುಗಳಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿದಂತಾಯಿತು.

ಇದರ ಅರ್ಥವೇನೆಂಬುದು ಹೊಸಪೇಟೆಯ ಟ್ರಾವೆಲ್ಸ್ ಅಂಗಡಿಯೊಂದರಲ್ಲಿ ಕುಳಿತಿದ್ದಾಗ ನನ್ನ ಕಣ್ಣೆದುರಿಗೇ ಸ್ಪಷ್ಟವಾಯಿತು. ಕಂಪ್ಲಿಯ ಕಡೆಯ ಹೆಂಗಸೊಬ್ಬರು ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೊರಟಿದ್ದರು. ಖಾರದ ಪುಡಿ, ಅಂಟಿನ ಉಂಡೆಯ ಸಾಮಾನು, ಹಳೆಯ ಮೆತ್ತನೆಯ ಸೀರೆಗಳು, ಇವನ್ನು ತುಂಬಿ ಎರಡು ದೊಡ್ಡ ಪೆಟ್ಟಿಗೆಗಳು ಸಿದ್ಧವಾಗಿವೆಯೆಂದರು. ವಿದ್ಯಾನಗರದಿಂದಲೇ ವಿಮಾನ ಹತ್ತಬಹುದಲ್ಲವೇ ಎಂದು ಅವರು ಕೇಳಿದ್ದಕ್ಕೆ ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ತೆಗೆದು ಸಮಾಧಾನದಿಂದ ಹೇಳಿದನು: “ಹತ್ತಬಹುದವ್ವಾ. ಆದ್ರೆ ಇವು ಎರಡೂ ಬೇರೆ ಬೇರೆ ಟಿಕೇಟು. ಬೆಂಗಳೂರಾಗ ಇಳಿದು ಪೆಟ್ಟಿಗೆ ತಗಂಡು ಹೊರಗ ಬರಬೇಕು, ಮತ್ತೆ ಇನ್ನೊಂದು ಟರ್ಮಿನಲ್ಲಿಗೆ ಹೋಗಿ ಹಾಕಬೇಕು. ಈ ಸಣ್ಣ ವಿಮಾನಕ್ಕೆ 15 ಕಿಲೋ ಅಷ್ಟೇ, ಜಾಸ್ತಿ ಆದ್ರೆ ರೊಕ್ಕ. ಇದು ತಡ ಆದ್ರೆ ಅದು ನಿಮಗೋಸ್ಕರ ಕಾಯಂಗಿಲ್ಲ.” ಆಕೆ ಒಂದು ಕ್ಷಣ ಯೋಚಿಸಿ, “ಹಂಗಾರೆ ಹಂಪಿ ಎಕ್ಸ್‌ಪ್ರೆಸ್ಸಿಗೇ ಹಾಕಪ್ಪ. ಯಲಹಂಕಕ್ಕೆ ನಮ್ಮ ತಮ್ಮ ಬರ್ತಾನೆ,” ಎಂದರು. ಟಿಕೇಟು ಹಾಗೆಯೇ ಆಯಿತು.

ಅಂಗಡಿಯವನು ಹೇಳಿದ ಮಾತಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಇಡೀ ಪ್ರಯಾಣವು ಒಂದೇ ಟಿಕೇಟಿನಲ್ಲಿದ್ದರೆ ಪೆಟ್ಟಿಗೆಯನ್ನು ಮೊದಲ ನಿಲ್ದಾಣದಲ್ಲಿಯೇ ಒಪ್ಪಿಸಿ ಕೊನೆಯ ನಿಲ್ದಾಣದಲ್ಲಿ ಪಡೆಯಬಹುದು; ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಸಲ್ಲುವ ತೂಕವೇ ಮೊದಲ ತುಂಡಿಗೂ ಸಲ್ಲುತ್ತದೆ; ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಸಂಸ್ಥೆಯದು. ಟಿಕೇಟು ಎರಡಾದೊಡನೆ ಆ ಹೊಣೆಯೆಲ್ಲ ಪ್ರಯಾಣಿಕನ ಹೆಗಲಿಗೇರುತ್ತದೆ. ಈ ಒಂದು ಕಾರಣದಿಂದ ವಿದ್ಯಾನಗರದ ಚಿಕ್ಕ ವಿಮಾನಕ್ಕೆ ಹೊರದೇಶದ ಪ್ರಯಾಣಿಕರು ಬಾರದೆ, ಪ್ರಯಾಣಿಕರು ಬಾರದ ಕಾರಣ ಮಾರ್ಗ ನಷ್ಟಕ್ಕೆ ಬಿದ್ದು, ನಷ್ಟದ ಕಾರಣ ಮಾರ್ಗವೇ ನಿಲ್ಲುವ ಅಪಾಯ ಸದಾ ಇದ್ದೇ ಇರುತ್ತದೆ. ಅದೇ ಹುಬ್ಬಳ್ಳಿಯವರ ಸ್ಥಿತಿ ಮೇಲು. ಅಲ್ಲಿಗೆ ಹಾರುವ ಇಂಡಿಗೋ ಸಂಸ್ಥೆ ದೇಶದೊಳಗಿನ ತನ್ನ ವಿಮಾನಗಳನ್ನು ತನ್ನವೇ ಆದ ಪರದೇಶದ ಮಾರ್ಗಗಳಿಗೂ, ಒಪ್ಪಂದವಿರುವ ಇತರ ಸಂಸ್ಥೆಗಳ ಮಾರ್ಗಗಳಿಗೂ ಒಂದೇ ಟಿಕೇಟಿನಲ್ಲಿ ಜೋಡಿಸುತ್ತದೆ. ಹೊಸಪೇಟೆಯಿಂದ ಹುಬ್ಬಳ್ಳಿ ಸುಮಾರು 145 ಕಿಲೋಮೀಟರು. ಮನೆಯ ಹತ್ತಿರ ನಿಲ್ದಾಣವಿದ್ದೂ ಅಷ್ಟು ದೂರ ಹೋಗಿ ವಿಮಾನ ಹತ್ತುವವರು ಇದ್ದಾರೆ.

ವಿಲೀನಗಳನ್ನು ಬೇಡವೆನ್ನುವ ಪಕ್ಷ ನನ್ನದಲ್ಲ. ಒಡಕು ಸಂಸ್ಥೆಗಳು ಒಂದೊಂದಾಗಿ ಮುಳುಗಿ, ಪರದೇಶದ ಹಾರಾಟವೆಲ್ಲ ಕೊಲ್ಲಿಯ ಸಂಸ್ಥೆಗಳ ಪಾಲಾಗುವುದಕ್ಕಿಂತ, ನಮ್ಮದೇ ಬಲವಾದ ಸಂಸ್ಥೆಯೊಂದು ಬೆಂಗಳೂರಿನಿಂದ ಲಂಡನ್ನಿಗೋ ಅಮೆರಿಕೆಗೋ ನೇರ ಹಾರುವುದು ಎಷ್ಟೋ ಮೇಲು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟರ ತಂಡ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮಾರ್ಗವಾಗಿ ಬೆಂಗಳೂರಿಗೆ ವಿಮಾನ ತಂದಿಳಿಸಿದಾಗ ಹೆಮ್ಮೆಪಡದ ಕನ್ನಡಿಗನಾರು? ಆದರೆ ಹೊರದೇಶದ ಆ ಆಸನಗಳು ರಾಷ್ಟ್ರದ ಪಾಲೆಂಬುದನ್ನು ಮೊದಲೇ ಹೇಳಿದೆನಷ್ಟೆ. ರಾಷ್ಟ್ರದ ಪಾಲನ್ನು ಅನುಭವಿಸುವ ಸಂಸ್ಥೆಯಿಂದ ರಾಷ್ಟ್ರವು ಪ್ರತಿಯಾಗಿ ಏನನ್ನಾದರೂ ಕೇಳಬಹುದು. ಉಡಾನ್ ಮಾರ್ಗಗಳಲ್ಲಿ ಹಾರುವ ಯಾವುದೇ ಸಣ್ಣ ಸಂಸ್ಥೆಯೊಡನೆ ಒಂದೇ ಟಿಕೇಟಿನ ಒಪ್ಪಂದ ಮಾಡಿಕೊಳ್ಳಬೇಕು, ಪೆಟ್ಟಿಗೆಯನ್ನು ಕೊನೆಯ ಊರಿನ ತನಕ ಸಾಗಿಸಬೇಕು ಎಂಬ ಷರತ್ತನ್ನು ಹಾಕಿದರೆ ದೊಡ್ಡ ಸಂಸ್ಥೆಗೆ ಹೊರೆಯೇನೂ ಆಗದು. ಹೊಸ ಪ್ರಯಾಣಿಕರೇ ದೊರೆಯುವರು.

ಇಂಥ ಷರತ್ತನ್ನು ಕೇಳುವ ಸ್ಥಳ ಭಾರತೀಯ ಸ್ಪರ್ಧಾ ಆಯೋಗ. ದೊಡ್ಡ ವಿಲೀನಗಳೆಲ್ಲ ಅದರ ಮುಂದೆ ಬಂದೇ ಹೋಗಬೇಕು. ವಿಲೀನವು ಸ್ಪರ್ಧೆಗೆ ಧಕ್ಕೆ ತರಬಹುದೆಂದು ಆಯೋಗಕ್ಕೆ ಮೇಲ್ನೋಟಕ್ಕೆ ತೋರಿದಾಗ ಅದರ ವಿವರಗಳನ್ನು ಪ್ರಕಟಿಸುವಂತೆ ಸಂಸ್ಥೆಗಳಿಗೆ ಆದೇಶಿಸುವುದೂ, ಬಾಧಿತರಾಗುವ ಯಾರೇ ಆಗಲಿ ಲಿಖಿತ ಆಕ್ಷೇಪ ಸಲ್ಲಿಸಬಹುದೆಂದು ಆಹ್ವಾನಿಸುವುದೂ ಸ್ಪರ್ಧಾ ಕಾಯಿದೆಯಲ್ಲಿದೆ. ಬೆಂಗಳೂರು ಮುಂಬಯಿಗಳ ಪರವಾಗಿ ಬರೆಯುವವರು ಬೇಕಾದಷ್ಟಿದ್ದಾರೆ. ಹೊಸಪೇಟೆಯ ವರ್ತಕರು, ಹಂಪಿಯ ಮಾರ್ಗದರ್ಶಿಗಳು ಮತ್ತು ವಸತಿಗೃಹಗಳವರು, ಹೊರದೇಶಕ್ಕೆ ಕಸೂತಿ ಕಳಿಸುವ ಸಂಡೂರಿನ ಲಂಬಾಣಿ ಕುಶಲಕರ್ಮಿಗಳ ಕೇಂದ್ರದವರು, ಮಕ್ಕಳನ್ನು ದೂರದೇಶಕ್ಕೆ ಕಳಿಸಿರುವ ಕಂಪ್ಲಿಯ ತಂದೆತಾಯಿಗಳು ಒಟ್ಟಾಗಿ, ವಿದ್ಯಾನಗರವೆಂಬ ನಿಲ್ದಾಣದ ಹೆಸರನ್ನೂ ಅಲ್ಲಿಂದ ಮುಂದಕ್ಕೆ ಬೇಕಾದ ಊರುಗಳ ಹೆಸರನ್ನೂ ಕಾಣಿಸಿ, ಎರಡು ಪುಟದ ಮನವಿಯೊಂದನ್ನು ಈಗಲೇ ಬರೆದಿಟ್ಟುಕೊಳ್ಳುವುದು ಒಳಿತು. ಮುಂದಿನ ಅರ್ಜಿ ಆಯೋಗದ ಮುಂದೆ ಬಂದಾಗ ಆಕ್ಷೇಪಕ್ಕೆ ಕೊಡುವ ಅವಧಿ ಕೆಲವೇ ದಿನಗಳದು.